ಸುಳ್ಳು ಹೇಳದ ಗಂಟೆ

ನಾನು ಒಂದು ಹಳಿಯ ತುಂಡು. ಉಕ್ಕಿನ ಕಾರ್ಖಾನೆಯ ಬೆಂಕಿಯಲ್ಲಿ ಹುಟ್ಟಿ, ಬಯಲುಸೀಮೆಯ ಕರಿಮಣ್ಣಿನ ಮೇಲೆ ಮಲಗಿ ಬಹಳ ಕಾಲ ರೈಲುಗಳನ್ನು ಹೊತ್ತೆ. ಸವೆದ ಮೇಲೆ ನನ್ನನ್ನು ಕತ್ತರಿಸಿ, ತೂತು ಕೊರೆದು, ಒಂದು ಸಣ್ಣ ಸ್ಟೇಷನ್ನಿನ ಬೇವಿನ ಮರಕ್ಕೆ ತೂಗುಹಾಕಿದರು. ಹಾಗೆ ಗಂಟೆಯಾದೆ. ಅಲ್ಲಿಯವರೆಗೆ ಬರೀ ಚಕ್ರಗಳನ್ನು ನೋಡಿದ್ದ ನನಗೆ ಜನರ ಮುಖ ಕಾಣತೊಡಗಿದ್ದೇ ದೊಡ್ಡ ಸೋಜಿಗ.

ಹಿಂದಿನ ಸ್ಟೇಷನ್ನಿನಿಂದ ಪ್ಯಾಸೆಂಜರ್ ಗಾಡಿ ಬಿಟ್ಟಿತೆಂದು ಫೋನ್ ಬಂದರೆ ಪೋರ್ಟರ್ ಹುಸೇನಸಾಬ ನನ್ನನ್ನು ಬಡಿಯುತ್ತಿದ್ದ. ಆ ಗಾಡಿ ಹೊತ್ತಿಗೆ ಸರಿಯಾಗಿ ಬಂದದ್ದನ್ನು ನಾನು ಕಾಣೆ. ಇದ್ದದ್ದು ಒಂದೇ ಲೈನು, ಇನ್ನೊಂದಕ್ಕೆ ದುಡ್ಡಿಲ್ಲವಂತೆ. ಗೂಡ್ಸ್ ಬಂತೆಂದರೆ ಪ್ಯಾಸೆಂಜರ್ ಪಕ್ಕಕ್ಕೆ ಸರಿದು ಕಾಯಬೇಕು. ಊರಿನವರು ಬೈದು ಬೈದು ಸುಸ್ತಾಗಿ, ಗಡಿಯಾರ ನೋಡುವುದನ್ನೇ ಬಿಟ್ಟರು. ನನ್ನ ಸದ್ದು ಕೇಳಿದ ಮೇಲೇ ಮನೆ ಬಿಡುತ್ತಿದ್ದರು. ಮಲ್ಲಿಗೆ ಮಾರುವ ನೀಲವ್ವ ಬುಟ್ಟಿ ತಲೆಗೇರಿಸುತ್ತಿದ್ದುದೂ ಆಗಲೇ. ಹೂವು ಬಾಡುವ ಮೊದಲು ಪೇಟೆ ಮುಟ್ಟಲು ಅವಳಿಗೆ ಆ ಗಾಡಿ ಬಿಟ್ಟರೆ ಬೇರೆ ಗತಿಯಿರಲಿಲ್ಲ.

ಒಂದು ಬೆಳಿಗ್ಗೆ ಜೀಪಿನಲ್ಲಿ ಒಬ್ಬ ಅಧಿಕಾರಿ ಬಂದರು. ಜನ ಹತ್ತದ ಕಡೆ ಇನ್ನು ಗಾಡಿ ನಿಲ್ಲುವುದಿಲ್ಲವಂತೆ, ಇಲ್ಲಿ ಎಷ್ಟು ಜನ ಹತ್ತುತ್ತಾರೆಂದು ನೋಡಿಹೋಗಲು ಬಂದಿದ್ದರು. ನಮ್ಮ ಸ್ಟೇಷನ್ನಿಗೆ ವೇಳಾಪಟ್ಟಿಯ ಹೊತ್ತಿಗೆ ಸರಿಯಾಗಿ ಬಂದವರು ಅವರೊಬ್ಬರೇ. ಪ್ಲಾಟ್‌ಫಾರ್ಮಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

"ಗಂಟಿ ಬಡದ್ರ ಎಲ್ಲಾರೂ ಬರ್ತಾರ್ರಿ ಸಾಹೇಬ್ರ," ಎಂದ ಹುಸೇನಸಾಬ.

"ಹಾಗಾದರೆ ಬಡಿ, ನೋಡೋಣ."

ಹುಸೇನಸಾಬ ಕಬ್ಬಿಣದ ಸರಳು ಎತ್ತಿದ. ಏನು ಮಾಡುತ್ತಾನೋ ಎಂದು ನಾನು ಕುತೂಹಲದಿಂದ ಕಾದೆ. ಫೋನ್ ಬಂದಿರಲಿಲ್ಲ. ಗಾಡಿ ಬಿಡದೆ ಅವನು ನನ್ನನ್ನು ಎಂದೂ ಬಡಿದವನಲ್ಲ. ಸರಳನ್ನು ಮೆಲ್ಲಗೆ ಕೆಳಗಿಟ್ಟ. ಅಧಿಕಾರಿ ಇನ್ನಷ್ಟು ಹೊತ್ತು ಕಾದು, ಮುಂದಿನ ಸ್ಟೇಷನ್ನನ್ನೂ ನೋಡಬೇಕೆಂದು ಹೊರಟರು. ಜೀಪಿನ ಧೂಳು ಅಡಗುವ ಮೊದಲೇ ಫೋನ್ ಬಂತು. ನಾನು ಕೂಗಿದೆ. ಊರಿಗೆ ಊರೇ ಓಡಿಬಂತು.

ಕೆಲವೇ ದಿನಗಳಲ್ಲಿ ನಮ್ಮಲ್ಲಿ ಗಾಡಿ ನಿಲ್ಲುವುದು ತಪ್ಪಿತು. "ಅವತ್ತ ಒಂದ್ ಏಟ ಬಡದಿದ್ರ ಏನಾಗ್ತಿತ್ತೋ ಅಣ್ಣಾ?" ಎಂದು ನೀಲವ್ವ ಹುಸೇನಸಾಬನನ್ನು ಕೇಳಿದಳು. ಬಡಿದಿದ್ದರೆ ಗಾಡಿ ಉಳಿಯುತ್ತಿತ್ತು. ಆದರೆ ಆಮೇಲೆ ನನ್ನನ್ನು ಯಾರಾದರೂ ನಂಬುತ್ತಿದ್ದರೇ? ನನ್ನನ್ನು ಆ ಪ್ರಶ್ನೆ ಬಿಡಲೇ ಇಲ್ಲ.

ಹುಸೇನಸಾಬನಿಗೆ ಬೇರೆ ಕಡೆ ವರ್ಗವಾಯಿತು. ನಾನು ಸರಪಳಿ ಸಡಿಲಾಗಿ, ತುಕ್ಕು ಹಿಡಿದು, ನೆಲಕ್ಕೆ ಹತ್ತಿರ ಜೋತುಬಿದ್ದಿದ್ದೇನೆ. ಮೊನ್ನೆ ಒಂದು ಹೋತ ಬಂದು ಕೊಂಬಿನಿಂದ ನನ್ನನ್ನು ಗುದ್ದಿತು, ನಾನು ಕೂಗಿಬಿಟ್ಟೆ. ನಾನು ಹೇಳಿದ ಮೊದಲ ಸುಳ್ಳು ಅದು. ಸ್ವಲ್ಪ ಹೊತ್ತಿಗೆ ನೀಲವ್ವ ಏದುಸಿರು ಬಿಡುತ್ತ ಓಡಿಬಂದಳು, ಅರ್ಧ ಕಟ್ಟಿದ ಮಾಲೆ ಕೈಯಲ್ಲೇ ಇತ್ತು. ಖಾಲಿ ಹಳಿ ನೋಡಿದಳು, ಹೋತವನ್ನು ನೋಡಿದಳು, ಆಮೇಲೆ ನನ್ನ ತುಕ್ಕಿನ ಮೇಲೆ ಕೈಯಿಟ್ಟಳು.

"ಗಾಡಿ ಇಲ್ಲಂತ ಗೊತ್ತೈತಿ," ಎಂದಳು. "ಕಾಲು ಕೇಳಲಿಲ್ಲ."