ಓ ಅನ್ನಬಾರದ ಕೂಗು

ಬೀಳಗಿ ಕಡೆಯ ಹೊಸ ಊರಿನಲ್ಲಿ ಶಿವಯೋಗಿ ಮನೆ ಕೊಂಡಾಗ ನಾಯಿಯೂ ಮನೆಯ ಜೊತೆಗೇ ಬಂತು.

ಹಿನ್ನೀರು ಏರಿ ಹೊಳೆದಂಡೆಯ ಊರುಗಳು ಮುಳುಗಿದ ಮೇಲೆ ಸರಕಾರ ಎರೆಹೊಲದ ಬಯಲಿನಲ್ಲಿ ಗೆರೆ ಎಳೆದು ಕಟ್ಟಿದ ಊರದು. ಓಣಿಗಳೆಲ್ಲ ಒಂದೇ ಅಗಲ, ಮನೆಗಳೆಲ್ಲ ಒಂದೇ ಅಳತೆ. ಬಂದ ಹೊಸತರಲ್ಲಿ ಶಿವಯೋಗಿಯೇ ಒಮ್ಮೆ ಯಾರದೋ ಮನೆ ಹೊಕ್ಕು, ಅಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಂಗಸನ್ನು ನೀರು ಕೇಳಿ ನಾಚಿಕೊಂಡಿದ್ದ. ಮುಧೋಳದಲ್ಲಿ ಅಣ್ಣನ ಗಿರಣಿಯಲ್ಲಿ ದುಡಿದವನು ಅವನು. ತನ್ನದೇ ಒಂದು ಹಿಟ್ಟಿನ ಗಿರಣಿ ಹಾಕಬೇಕೆಂದು ಹೆಂಡತಿ ಮಧುಮತಿಯನ್ನು ಕರೆದುಕೊಂಡು ಇಲ್ಲಿಗೆ ಬಂದಿದ್ದ. ಮನೆ ಮಾರಿದ ಶಂಕರೆಪ್ಪನಿಗೆ ಬನಹಟ್ಟಿಯ ಮಗ್ಗದ ಕೆಲಸಕ್ಕೆ ಹೋಗುವ ಅವಸರ. ಕೀಲಿಕೈ ಕೊಟ್ಟು, ಅಂಗಳದಲ್ಲಿ ಮಲಗಿದ್ದ ಬೂದು ಬಣ್ಣದ ನಾಯಿಯನ್ನು ತೋರಿಸಿ, "ಇದು ಇಲ್ಲೇ ಇರತೈತ್ರಿ. ಏನೂ ತ್ರಾಸ ಕೊಡೂದಿಲ್ಲ" ಎಂದು ಹೇಳಿ ಟಂಟಂ ಗಾಡಿ ಹತ್ತಿದ.

ಉದ್ದ ಮೂತಿ, ಒಳಕ್ಕೆ ಸೇರಿದ ಹೊಟ್ಟೆ, ಸಣ್ಣ ನಡು. ಮುಧೋಳ ತಳಿಯ ರಕ್ತ ಅದರಲ್ಲಿದೆಯೆಂದು ಶಿವಯೋಗಿಗೆ ನೋಡಿದೊಡನೆ ತಿಳಿಯಿತು. ಆ ತಳಿ ಸುಮ್ಮಸುಮ್ಮನೆ ಬೊಗಳುವುದಿಲ್ಲ. ಇದೂ ಬೊಗಳುತ್ತಿರಲಿಲ್ಲ. ಆದರೆ ಗಂಟಲಿನೊಳಗಿನಿಂದ "ಹೂಂ" ಎಂದು ಸಣ್ಣಗೆ ದನಿ ತೆಗೆಯುತ್ತಿತ್ತು. ನಡೆಯುವಾಗ, ಕೂತಾಗ, ಹೊಸ್ತಿಲು ದಾಟುವಾಗ. ಒಮ್ಮೆ ಅಂದು ಕಿವಿ ನಿಮಿರಿಸಿ ಕಾಯುತ್ತಿತ್ತು. ಯಾರೂ ಏನೂ ಅನ್ನದಿದ್ದರೆ ಇನ್ನಷ್ಟು ಜೋರಾಗಿ ಅನ್ನುತ್ತಿತ್ತು. ಆಮೇಲೆ ಅದು ಎಳೆದೆಳೆದು ಅಳುವ ದನಿಯಾಗುತ್ತಿತ್ತು.

ಇಡೀ ಮುಂಜಾನೆ ಗಿರಣಿಯ ಸದ್ದಿನಲ್ಲಿ ನಿಂತು ಬಂದ ಶಿವಯೋಗಿಗೆ ಮಧ್ಯಾಹ್ನ ಕರೆಂಟು ಹೋದಾಗ ಕಣ್ಣು ಮುಚ್ಚುವ ಆಸೆ. ಆಗಲೇ ಇದು ಶುರುವಾಗುತ್ತಿತ್ತು. ಒಳಗಿನಿಂದ ಮಧುಮತಿ, "ಓ, ಇಲ್ಲೇ ಅದೀನಿ" ಎಂದು ಮಗುವಿಗೆ ಹೇಳಿದ ಹಾಗೆ ಹೇಳುತ್ತಿದ್ದಳು. ಒಂದು ಗಳಿಗೆ ಸುಮ್ಮನಾಗಿ ನಾಯಿ ಮತ್ತೆ ಹೂಂ ಅನ್ನುತ್ತಿತ್ತು.

"ಅದಕ್ಕ ಓ ಅನಬ್ಯಾಡ," ಎಂದ ಶಿವಯೋಗಿ. "ನೀ ಅಂದಷ್ಟೂ ಅದಕ್ಕ ಹುರುಪು ಬರತೈತಿ. ಬೀಳಗಿ ದನದ ಡಾಕ್ಟರೂ ಅದನ್ನ ಹೇಳಿದ್ರು. ಅದರ ಕಡೆ ನೋಡಬಾರದು, ಮಾತಾಡಬಾರದು. ತಾನ ಬಿಡತೈತಿ."

"ಕರದ್ರ ಓ ಅನ್ನಬಾರದೇನ್ರಿ?"

"ನಾಯಿ ಕರಿಯೂದಿಲ್ಲ. ಹಟ ಮಾಡತೈತಿ."

"ಹಟ ಮಾಡೂದು ನನಗ ತಿಳೀತದ. ಇದು ಹಟ ಅಲ್ಲ."

ಗೋಡೆಯಾಚೆಯ ಹುಲೆಪ್ಪ, ತಾರವ್ವರ ಮನೆಯಲ್ಲಿಯೂ ಇದೇ ಜಗಳ ಬೇರೆ ರೀತಿಯಲ್ಲಿ ನಡೆಯುತ್ತಿತ್ತು. ದನಿ ಕೇಳಿದೊಡನೆ ತಾರವ್ವ ಕೊಡದ ನೀರು ಎರಚುತ್ತಿದ್ದಳು. ಹುಲೆಪ್ಪ ಅವಳ ಕಣ್ಣು ತಪ್ಪಿಸಿ ಗೋಡೆಯ ಮೇಲಿನಿಂದ ರೊಟ್ಟಿ ಚೂರು ಎಸೆಯುತ್ತಿದ್ದ. ಸಿಕ್ಕಿಬಿದ್ದರೆ ತಾರವ್ವ, "ಹಾಕ್ರಿ, ಹಾಕ್ರಿ, ನನ್ನ ಪಾಲಿಂದೂ ಅದಕ್ಕ ಹಾಕಿಬಿಡ್ರಿ" ಅನ್ನುತ್ತಿದ್ದಳು. ಶಿವಯೋಗಿಗೆ ಇದು ಮೊದಮೊದಲು ನಗೆ ತರಿಸುತ್ತಿತ್ತು. ಆದರೆ ಈ ನಾಯಿ ಮೊದಲು ಯಾರದಾಗಿತ್ತೆಂದು ಕೇಳಿದರೆ ಮಾತ್ರ ಇಬ್ಬರೂ ಮಾತು ತೇಲಿಸುತ್ತಿದ್ದರು.

ಕೊನೆಗೆ ಮಧುಮತಿ ಗಂಡನ ಮಾತಿಗೆ ಒಪ್ಪಿದಳು. ಇಬ್ಬರೂ ನಾಯಿಯ ಕಡೆ ನೋಡುವುದನ್ನು ಬಿಟ್ಟರು. ಆ ದಿನಗಳು ಕೆಟ್ಟವು. ನಾಯಿ ಅಂಗಳದಿಂದ ಪಡಸಾಲೆಗೆ, ಪಡಸಾಲೆಯಿಂದ ಅಡುಗೆಮನೆಯ ಬಾಗಿಲಿಗೆ ಹಿಂದುಮುಂದು ಓಡಾಡಿ ದನಿ ಬಿದ್ದುಹೋಗುವವರೆಗೆ ಕೂಗಿತು. ಮಧುಮತಿ ಸೆರಗಿನಿಂದ ಕಿವಿ ಮುಚ್ಚಿಕೊಂಡು ಜೋಳ ಹಸನು ಮಾಡುತ್ತಿದ್ದಳು. ಶಿವಯೋಗಿ ಹಲ್ಲು ಕಚ್ಚಿ ಮಲಗುತ್ತಿದ್ದ. ಒಂದು ದಿನ ಊಟಕ್ಕೆ ಬಂದರೆ ಮನೆ ತಣ್ಣಗಿತ್ತು. ನಾಯಿ ಬಾಗಿಲ ಬಳಿ ಕಣ್ಣು ಅರೆಮುಚ್ಚಿ ಮಲಗಿತ್ತು.

"ನೋಡಿದಿಲ್ಲೋ? ಬಿಟ್ತು," ಎಂದ ಗೆದ್ದವನಂತೆ.

ಮಧುಮತಿ ರೊಟ್ಟಿ ಬಡಿಸುತ್ತ ಎಡಗೈಯಲ್ಲಿದ್ದ ಲಟ್ಟಣಿಗೆಯಿಂದ ನೆಲಕ್ಕೆ ಎರಡು ಸಲ ಮೆಲ್ಲಗೆ ಕುಟ್ಟಿದಳು. ತಾನು ಕುಟ್ಟುತ್ತಿದ್ದೇನೆಂಬ ಎಚ್ಚರ ಅವಳಿಗಿದ್ದಂತೆ ತೋರಲಿಲ್ಲ. ಬಾಗಿಲಲ್ಲಿ ನಾಯಿ ಉಸಿರು ಬಿಟ್ಟಿತು. ಸ್ವಲ್ಪ ಹೊತ್ತಿಗೆ ಅದು ಕಿವಿಗೆ ಬಿತ್ತೋ ಇಲ್ಲವೋ ಅನ್ನುವಷ್ಟು ಸಣ್ಣಗೆ ಹೂಂ ಎಂದಿತು. ಅವಳು ಮತ್ತೆ ಕುಟ್ಟಿದಳು.

"ಏನದು?"

"ಲಟ್ಟಣಿಗಿ ಕೈ ಜಾರಿ ಬಿದ್ದಿತ್ತು ಮೊನ್ನೆ. ಆ ಸಪ್ಪಳಕ್ಕ ಸುಮ್ಮನಾತು. ಅದಕ್ಕ ಇಷ್ಟ ಸಾಕು, ಮಾತೇನೂ ಬ್ಯಾಡ."

ಗದ್ದಲ ನಿಂತಿತ್ತಲ್ಲ, ಶಿವಯೋಗಿ ಬೇರೆ ಏನು ತಾನೇ ಹೇಳಿಯಾನು? ಆದರೆ ಆ ಮೆಲ್ಲನೆಯ ಟಕ್ ಟಕ್ ಅವನಿಗೆ ಮೊದಲಿನ ಅಳುವಿಗಿಂತ ಹೆಚ್ಚು ಹಿಂಸೆಯಾಯಿತು. ನಿದ್ದೆಯ ನಡುವೆ ಅದು ಕೇಳುತ್ತಿತ್ತು. ಹೆಂಡತಿ ಒಳಗೆ ಇರುವಾಗಲೂ, ಆ ಸದ್ದು ಮಾಡುತ್ತಿರುವವರು ಬೇರೆ ಯಾರೋ, ಅವರಿಗೆ ವಯಸ್ಸಾಗಿದೆ ಎಂದು ಅನಿಸುತ್ತಿತ್ತು. ಲಟ್ಟಣಿಗೆ ಹೋಗಿ ಅವಳ ಕೈಗೆ ಒಂದು ಬಿದಿರಿನ ಕೋಲು ಬಂತು. ಅದೆಲ್ಲಿತ್ತೆಂದು ಕೇಳಿದರೆ, "ಅಟ್ಟದ ಮ್ಯಾಲೆ ಇತ್ತು" ಎಂದಳು.

ಮಳೆಗಾಲ ಮುಗಿದು ಹಿನ್ನೀರು ತುಂಬಿ ನಿಂತ ದಿನಗಳು. ಒಂದು ಮಧ್ಯಾಹ್ನ ಗಿರಣಿ ತಿರುಗಿಸುವ ಪಟ್ಟಿ ಹರಿದು ಶಿವಯೋಗಿ ಬೇಗ ಮನೆಗೆ ಬಂದ. ಮಧುಮತಿ ಕಣ್ಣು ಮುಚ್ಚಿಕೊಂಡು ಅಂಗಳ ದಾಟುತ್ತಿದ್ದಳು. ಬಲಗೈ ಗೋಡೆಯ ಮೇಲೆ, ಎಡಗೈಯಲ್ಲಿ ಕೋಲು. ನಾಯಿ ಮುಂದೆ ಮುಂದೆ. ಮೆಟ್ಟಿಲು ಬಂದಲ್ಲಿ ಹೂಂ ಅನ್ನುತ್ತಿತ್ತು, ಅವಳ ಕಾಲು ತಾನೇ ಏಳುತ್ತಿತ್ತು. ತಿರುವು ಬಂದಲ್ಲಿ ಹೂಂ ಅನ್ನುತ್ತಿತ್ತು, ಅವಳು ಹೊರಳುತ್ತಿದ್ದಳು. ಒಮ್ಮೆಯೂ ಎಡವಲಿಲ್ಲ.

"ಏನ ಮಾಡಾಕತ್ತಿ?" ಎಂದ ಶಿವಯೋಗಿ.

ಅವಳು ಕಣ್ಣು ತೆರೆಯಲಿಲ್ಲ. ದನಿ ಬಂದ ಕಡೆಗೆ ಕಿವಿ ಕೊಟ್ಟು ಮುಗುಳ್ನಕ್ಕಳು. "ಅದು ದಾರಿ ಹೇಳತೈತ್ರಿ. ಕಣ್ಣ ಮುಚ್ಚಿದ್ರಷ್ಟ ತಿಳೀತೈತಿ."

ಶಿವಯೋಗಿ ಚಪ್ಪಲಿ ಮೆಟ್ಟಿದ್ದವನು ಹಾಗೆಯೇ ತಿರುಗಿ ಹುಲೆಪ್ಪನ ಮನೆಗೆ ಹೋದ. ಹುಲೆಪ್ಪ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ. ಹೆಂಡತಿ ಕಣ್ಣು ಮುಚ್ಚಿ ನಡೆಯುವುದನ್ನು ಹೇಳಿದಾಗ ಅವನ ಕೈ ನಿಂತಿತು. ಒಳಗಿನಿಂದ ತಾರವ್ವನೂ ಬಂದು ಬಾಗಿಲಲ್ಲಿ ನಿಂತಳು.

"ಕರೆವ್ವ ಅಂತ ಇದ್ಲು," ಎಂದ ಹುಲೆಪ್ಪ. "ಶಂಕರೆಪ್ಪನ ಚಿಗವ್ವ. ಹುಟ್ಟುಗುರುಡಿ. ಹಳೆ ಊರಾಗ ಕೋಲಿಲ್ಲದ ಅಡ್ಡಾಡತಿದ್ಲು. ಹೊಳಿ, ಬಾವಿ, ಹೊಲ, ಎಲ್ಲಾ ಅಕಿ ಕಾಲಾಗ ಇತ್ತು. ಇಲ್ಲಿ ಬಂದ ಮ್ಯಾಲೆ ತನ್ನ ಮನಿ ಯಾವ್ದು ಅಂತ ತಿಳೀದಂಗಾತು. ಎಲ್ಲಾ ಓಣಿ ಒಂದ ನಮೂನಿ. ಅದಕ್ಕ ಈ ನಾಯಿಗೆ ಕಲಿಸಿದ್ಲು. ಅದು ಹೂಂ ಅನ್ನೂದು, ಅಕಿ ಕೋಲು ಕುಟ್ಟೂದು. ನಾ ಇಲ್ಲಿ ಅದೀನಿ, ನೀ ಎಲ್ಲಿ ಅದಿ, ಅಷ್ಟ."

"ಈಗೆಲ್ಲಿ ಅದಾಳ?"

"ಹಳೆ ಊರಿಗೆ ಹೋಗತೀನಿ ಅಂತಿದ್ಲು ದಿನಾ. ಊರು ಮುಳುಗೇದ ಅಂದ್ರ ನಂಬತಿದ್ದಿಲ್ಲ. ಕಂಡವರಷ್ಟ ನಂಬಬೇಕಲ್ಲ. ಒಂದಿನ ಹಳೆ ರಸ್ತಾ ಹಿಡದು ಹ್ವಾದ್ಲು. ನಾಯಿ ಒಂದ ತಿರುಗಿ ಬಂತು, ಮೈಯೆಲ್ಲಾ ತೊಯ್ಸಿಕೊಂಡು. ಅಕಿ ಸಿಗಲಿಲ್ಲ."

"ಇದನ್ನ ಮೊದಲ ಹೇಳಾಕ ಏನಾಗಿತ್ತು?"

ಉತ್ತರ ಕೊಟ್ಟವಳು ತಾರವ್ವ. "ಹೇಳಿದ್ರ ನೀವು ಮನಿ ತಗೋತಿದ್ರೇನು, ತಗೊಂಡ ಮ್ಯಾಲಾದ್ರೂ ನಿಲ್ಲತಿದ್ರೇನು? ಬಾಜೂಕ ಖಾಲಿ ಮನಿ ಇಟ್ಟುಕೊಂಡು, ಆ ನಾಯಿ ಕೂಗೂದು ಕೇಳಿಕೋತ, ನಾವೆಷ್ಟು ದಿನ ಇರಬೇಕಿತ್ತು?"

ಶಿವಯೋಗಿ ಮನೆಗೆ ಓಡಿದ. ಬಾಗಿಲು ತೆರೆದಿತ್ತು. ಒಲೆಯ ಮೇಲೆ ಚಹದ ನೀರು ಬತ್ತಿ ಪಾತ್ರೆ ಕಮರುತ್ತಿತ್ತು. ಮಧುಮತಿಯೂ ಇರಲಿಲ್ಲ, ನಾಯಿಯೂ ಇರಲಿಲ್ಲ.

ಹಳೆಯ ಡಾಂಬರು ರಸ್ತೆ ಊರಿನ ಅಂಚಿನಿಂದ ಜಾಲಿಕಂಟಿಯ ನಡುವೆ ಇಳಿದುಹೋಗಿ, ಮುಂದೆ ಊರೊಂದು ಇದೆ ಎನ್ನುವ ಹಾಗೆ ನೇರವಾಗಿ ನೀರಿನೊಳಕ್ಕೆ ನಡೆಯುತ್ತಿತ್ತು. ನೀರಿನಲ್ಲಿ ಒಣಗಿ ನಿಂತ ಮರಗಳ ತುದಿಯಲ್ಲಿ ನೀರುಕಾಗೆಗಳು ರೆಕ್ಕೆ ಹರಡಿ ಕೂತಿದ್ದವು. ಅತ್ತ ಓಡುತ್ತಿದ್ದ ಶಿವಯೋಗಿ ದೂರದಿಂದಲೇ ನಾಯಿಯ ದನಿ ಕೇಳಿದ. ಇಷ್ಟು ದಿನ ಹಟವೆಂದುಕೊಂಡ ದನಿ ಅದೇ, ಆದರೆ ಈಗ ಕರುಳು ಹರಿಯುವ ಹಾಗೆ ಒಂದೇ ಸಮನೆ ಬರುತ್ತಿತ್ತು.

ಮಧುಮತಿ ಮೊಣಕಾಲು ಮುಳುಗುವ ನೀರಿನಲ್ಲಿದ್ದಳು. ಕಣ್ಣು ಮುಚ್ಚಿತ್ತು. ನಾಯಿ ಅವಳ ಮುಂದೆ ತನ್ನ ಎದೆಮಟ್ಟದ ನೀರಿನಲ್ಲಿ ಅಡ್ಡಲಾಗಿ ನಿಂತು, ಅವಳ ತೊಡೆಗೆ ಮೈ ಒತ್ತಿ ಹಿಂದಕ್ಕೆ ತಳ್ಳುತ್ತಿತ್ತು. ಅವಳು ಅದನ್ನು ಕೋಲಿನಿಂದ ಮೆಲ್ಲಗೆ ಸರಿಸುತ್ತಿದ್ದಳು. "ಸರಿ ಅತ್ತಾಗ. ನನ್ನ ದಾರಿ ನನಗ ಗೊತ್ತೈತಿ."

ಶಿವಯೋಗಿ ನೀರಿಗೆ ಇಳಿದು ಅವಳ ರಟ್ಟೆ ಹಿಡಿದ.

"ಯಾಕ ಹಿಡಿತೀರಿ?" ಎಂದಳು, ಶಾಂತವಾಗಿ. "ಇನ್ನೊಂದೀಟು ಮುಂದ ಕಟ್ಟಿ ಐತಿ. ಅಲ್ಲಿ ಕುಂತು ದಣಿವಾರಿಸಿಕೊಳ್ಳೂಣು."

ಅವನು ಎರಡೂ ಕೈಯಲ್ಲಿ ಅಪ್ಪಿ ಹಿಂದಕ್ಕೆ ಎಳೆದ. ದಂಡೆಯ ಕೆಸರಿನಲ್ಲಿ ಇಬ್ಬರೂ ಬಿದ್ದರು. ಆಗ ಅವಳು ಕಣ್ಣು ತೆರೆದಳು. ನೀರನ್ನು ನೋಡಿದಳು, ತೊಯ್ದ ಸೀರೆಯನ್ನು ನೋಡಿದಳು. ಮನೆಯಿಂದ ಹೊರಟದ್ದು ಅವಳಿಗೆ ನೆನಪಿರಲಿಲ್ಲ.

ತಾರವ್ವನ ಜೊತೆ ಹಿಂದೆಯೇ ಓಡಿಬಂದ ಹುಲೆಪ್ಪ ಅವಳ ಕೊನೆಯ ಮಾತು ಕೇಳಿಸಿಕೊಂಡಿದ್ದ. ತಾರವ್ವ ಮಧುಮತಿಯನ್ನು ಹಿಡಿದುಕೊಂಡು ಮುಂದೆ ನಡೆದಾಗ ಅವನು ಶಿವಯೋಗಿಗೆ ಮಾತ್ರ ಕೇಳುವ ಹಾಗೆ ಹೇಳಿದ: "ಅಲ್ಲಿ ಕಟ್ಟಿ ಇದ್ದದ್ದು ಖರೆ. ಬೇವಿನ ಗಿಡದ ಕಟ್ಟಿ. ಕರೆವ್ವ ದಿನಾ ಅಲ್ಲೇ ಕುಂದರತಿದ್ಲು. ನಿಮ್ಮ ಮನಿಯವರಿಗೆ ನಾ ಅಂತೂ ಹೇಳಿಲ್ಲ."

"ತಾರವ್ವ?"

"ಅಕಿ ಆ ಹೆಸರ ಎತ್ತೂದಿಲ್ಲ."

ಮಧುಮತಿಗೆ ಜ್ವರ ಬಂದು ಇಳಿಯಿತು. ಎದ್ದು ಕೂತವಳೇ ಮೊದಲು ಆಡಿದ ಮಾತು, "ನಾಯಿನ ಮನಿಯಾಗ ಬಿಡಬ್ಯಾಡ್ರಿ. ಅದಕ್ಕ ಓ ಅನಬ್ಯಾಡ್ರಿ." ಕೋಲನ್ನು ಅವಳೇ ಒಲೆಗೆ ಹಾಕಿದಳು.

ಈಗ ಒಪ್ಪದವನು ಶಿವಯೋಗಿ. ನೀರಿನಲ್ಲಿ ನಿಂತು ಕೂಗುತ್ತಿದ್ದ ಆ ಮುಖ ಅವನ ಕಣ್ಣಿನಿಂದ ಹೋಗಿರಲಿಲ್ಲ. "ಅದು ನಿನ್ನ ಕರಕೊಂಡು ಹೋಗಿಲ್ಲ," ಎಂದ. "ತಡದೈತಿ. ಕರೆವ್ವನ್ನೂ ಹಿಂಗ ತಡದಿರಬೇಕು. ಅಕಿ ಕೇಳಲಿಲ್ಲ. ನಾವೂ ಕೇಳಲಿಲ್ಲ."

"ಅದು ತಡದಿರಬೇಕು," ಎಂದಳು ಮಧುಮತಿ. "ಹಂಗಾದ್ರ ಕರದಾಕಿ ಯಾರು?"

ಶಿವಯೋಗಿ ನಾಯಿಯನ್ನು ಗಿರಣಿಗೆ ಕರೆದೊಯ್ದ. ಹಿಟ್ಟಿನ ಚೀಲಗಳ ಮಗ್ಗುಲಿಗೆ ಅದು ಮಲಗುತ್ತಿತ್ತು. ಗಿರಣಿ ತಿರುಗುವಾಗಲೂ ಆ ಹೂಂ ಅವನಿಗೆ ತಿಳಿಯುತ್ತಿತ್ತು, ಕಾಲಿನಿಂದ ನೆಲಕ್ಕೆ ಎರಡು ಸಲ ತಟ್ಟುತ್ತಿದ್ದ. ಮನೆಗೆ ಬಂದಾಗ ಮಧುಮತಿ ಕೇಳುತ್ತಿದ್ದಳು, "ಇವತ್ತೂ ಅದಕ್ಕ ಓ ಅಂದ್ರೇನು?" ಅವನು ಸುಳ್ಳು ಹೇಳುತ್ತಿದ್ದ. ಸುಳ್ಳೆಂದು ಗೊತ್ತಾದರೆ ಅವಳು ಊಟ ಬಿಟ್ಟು ಏಳುತ್ತಿದ್ದಳು. ಮನೆ ಮಾರೋಣವೆಂದರೆ ಕೊಳ್ಳುವವರು ಬರಲಿಲ್ಲ. ಈ ಸಲ ತಾರವ್ವ ಯಾರಿಂದಲೂ ಏನೂ ಮುಚ್ಚಿಡುತ್ತಿರಲಿಲ್ಲ.

ಕೆಲವು ವರ್ಷ ಬದುಕಿ, ಒಂದು ಬೇಸಗೆಯಲ್ಲಿ ನಾಯಿ ಸತ್ತಿತು. ಶಿವಯೋಗಿ, ಹುಲೆಪ್ಪ ಸೇರಿ ಅದನ್ನು ಗಿರಣಿಯ ಹಿಂದೆ ಹುಗಿದರು. ಮಧುಮತಿ ಬಂದು ನಿಂತು ನೋಡಿದಳು. ಮಣ್ಣು ಮುಚ್ಚಿದ ಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ಅದೆಷ್ಟೋ ಕಾಲದ ಮೇಲೆ ಅಂದು ಇಬ್ಬರೂ ಜಗಳವಿಲ್ಲದೆ ಒಟ್ಟಿಗೆ ಕೂತು ಉಂಡರು.

ಮರುದಿನ ಮಧ್ಯಾಹ್ನ ಕರೆಂಟು ಹೋಯಿತು. ಶಿವಯೋಗಿ ಪಡಸಾಲೆಯಲ್ಲಿ ಒರಗಿದ್ದ. ಮಧುಮತಿ ಒಳಗೆ ಕಾಳು ಕೇರುತ್ತಿದ್ದಳು. ಮೊರದ ಸದ್ದು ಇದ್ದಕ್ಕಿದ್ದಂತೆ ನಿಂತಿತು.

"ರೀ," ಎಂದಳು. "ಈಗ ನೀವೇನರ ನೆಲಾ ಕುಟ್ಟಿದ್ರೇನು?"

ಶಿವಯೋಗಿಯ ಎರಡೂ ಕಾಲು ಹಾಸಿಗೆಯ ಮೇಲಿದ್ದವು. ಅವನೂ ಕೇಳಿದ್ದ, ಹಿತ್ತಲ ಬಾಗಿಲ ಕಡೆಯಿಂದ, ಎರಡು ಸಲ.

"ಹೌದು, ನಾನ ಕುಟ್ಟಿದೆ," ಎಂದ.

ಮಧುಮತಿ ಎದ್ದು ಬಂದು ಅವನ ಮಗ್ಗುಲಿಗೆ ಕೂತಳು. ಅವನ ಕೈ ಹುಡುಕಿ ಹಿಡಿದುಕೊಂಡಳು. ಕರೆಂಟು ಬರುವವರೆಗೂ ಬಿಡಲಿಲ್ಲ.