ಕಾಮಾಕ್ಷಮ್ಮನ ನೈದಿಲೆ

ನಾನು ಒಂದು ಸೂಕ್ಷ್ಮದರ್ಶಕ. ಪರದೇಶದ ಕಾರ್ಖಾನೆಯೊಂದರಲ್ಲಿ ಹಿತ್ತಾಳೆಯ ಮೈ, ಗಾಜಿನ ಕಣ್ಣು ಪಡೆದು, ಹುಲ್ಲು ತುಂಬಿದ ಪೆಟ್ಟಿಗೆಯೊಳಗೆ ಕೂತು ಹಡಗಿನಲ್ಲಿ ಬಂದವನು. ಮೈಸೂರಿನ ಕಾಲೇಜೊಂದರ ಸಸ್ಯಶಾಸ್ತ್ರ ವಿಭಾಗದಲ್ಲಿ ನನ್ನ ಪೆಟ್ಟಿಗೆ ಬಿಚ್ಚಿದವರು ಪ್ರೊಫೆಸರ್ ನಂಜರಾಜಯ್ಯ. ಮೊದಮೊದಲು ಈರುಳ್ಳಿ ಸಿಪ್ಪೆ, ಪಾಚಿ ತೋರಿಸುವುದರಲ್ಲೇ ಕಾಲ ಕಳೆದೆ. ವಿದ್ಯಾರ್ಥಿಗಳು ನನ್ನ ತಿರುಪನ್ನು ಸಿಕ್ಕಾಪಟ್ಟೆ ತಿರುಗಿಸಿ ಎಷ್ಟೋ ಸ್ಲೈಡು ಒಡೆದರು.

ಆಮೇಲೆ ಸರ್ವಮಂಗಳಾ ಸಂಶೋಧನೆಗೆ ಸೇರಿದಳು. ಕೆರೆಗಳಲ್ಲಿ ಬೆಳೆಯುವ ನೈದಿಲೆಗಳಲ್ಲಿ ಯಾವುದು ಯಾವುದಕ್ಕೆ ನೆಂಟ ಎಂದು ಗೊತ್ತುಮಾಡುವುದು ಅವಳ ಕೆಲಸ. ಹೂವಿನ ಬಣ್ಣ, ಎಲೆಯ ಅಗಲ ನೀರಿಗೆ ತಕ್ಕಂತೆ ಬದಲಾಗಿ ಮೋಸ ಮಾಡುತ್ತವೆ. ಜೀವಕೋಶದೊಳಗಿನ ವರ್ಣತಂತುಗಳ ಸಂಖ್ಯೆ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಬೆಳಿಗ್ಗೆಯೇ ಸೀರೆ ಎತ್ತಿಕಟ್ಟಿ ಕೆಸರಿಗಿಳಿದು ಬೇರಿನ ತುದಿ ತರುತ್ತಿದ್ದಳು. ಅದಕ್ಕೆ ಬಣ್ಣ ಹಾಕಿ, ಹೆಬ್ಬೆರಳಲ್ಲಿ ಒತ್ತಿ ಚಪ್ಪಟೆ ಮಾಡಿ, ನನ್ನ ಕೆಳಗಿಡುತ್ತಿದ್ದಳು. ತಾವರೆಯಲ್ಲಿ ಹದಿನಾರು ಕಂಡವು. ಬಿಳಿ ನೈದಿಲೆಯೊಂದರಲ್ಲಿ ಇಪ್ಪತ್ತೆಂಟು, ಕೆಂಪಿನದರಲ್ಲಿ ಐವತ್ತಾರು. ನೋಡುವುದಕ್ಕೆ ಅಕ್ಕತಂಗಿಯರಂತಿದ್ದರೂ ತಾವರೆ ಬೇರೆಯೇ ಮನೆತನದ್ದು ಎಂದು ಅವಳಿಗೆ ಖಾತ್ರಿಯಾಯಿತು.

ಉಳಿದದ್ದು ಒಂದು ತಿಳಿಗುಲಾಬಿ ನೈದಿಲೆ. ಅದು ಹೊಸ ಪ್ರಭೇದವೆಂದು ಪ್ರಕಟಿಸಿದ್ದವರು ನಂಜರಾಜಯ್ಯನವರೇ. ಕೆರೆ ಏರಿಯ ಮೇಲೆ ಹೋಗುವಾಗ ಅದನ್ನು ಮೊದಲು ಕಂಡು ತೋರಿಸಿದವರು ಅವರ ಹೆಂಡತಿ ಕಾಮಾಕ್ಷಮ್ಮ. ಮರುವರ್ಷ ಆಕೆ ಹೆರಿಗೆಯಲ್ಲಿ ತೀರಿಕೊಂಡರು. ಪ್ರೊಫೆಸರು ಹೂವಿಗೆ ಆಕೆಯ ಹೆಸರಿಟ್ಟರು.

ಅದರ ಬೇರಿನಲ್ಲಿ ಕಂಡದ್ದು ನಲವತ್ತೆರಡು. ಬಿಳಿಗೂ ಕೆಂಪಿಗೂ ಸರಿಯಾಗಿ ನಡುವೆ. ಸರ್ವಮಂಗಳಾ ನನ್ನಿಂದ ಕಣ್ಣು ತೆಗೆದು ಕಿಟಕಿಯಾಚೆ ನೋಡುತ್ತ ಕೂತಳು. ಮತ್ತೆ ಹೋಗಿ ಮೊಗ್ಗು ತಂದಳು. ಪರಾಗ ಹುಟ್ಟುವ ಕೋಶಗಳಲ್ಲಿ ವರ್ಣತಂತುಗಳು ಜೋಡಿಯಾಗಬೇಕು; ಇಲ್ಲಿ ಎಷ್ಟೋ ಒಂಟಿಯಾಗಿಯೇ ಉಳಿದಿದ್ದವು. ಪರಾಗ ಜೊಳ್ಳು. ಅದು ಬೀಜ ಕಟ್ಟದೆ ಗೆಡ್ಡೆಯಿಂದಲೇ ಹಬ್ಬಿದ್ದ ಬಿಳಿಗೂ ಕೆಂಪಿಗೂ ಹುಟ್ಟಿದ ಬೆರಕೆ ಗಿಡ, ಬೇರೆ ಪ್ರಭೇದವಲ್ಲ.

ಅವಳು ಬಹಳ ದಿನ ಬಾಯಿ ಬಿಡಲಿಲ್ಲ. ಪ್ರಬಂಧದಿಂದ ಆ ಗಿಡವನ್ನು ಕೈಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಕೊನೆಗೊಂದು ಮಧ್ಯಾಹ್ನ, "ಸಾರ್, ಒಂದ್ಸಲ ನೋಡ್ತೀರಾ?" ಅಂದಳು.

ಅವರು ಕನ್ನಡಕ ತೆಗೆದಿಟ್ಟು ಬಗ್ಗಿದರು. ನಿಧಾನವಾಗಿ ಎಣಿಸಿದರು.

"ಯಾವ ಗಿಡಾಮ್ಮ ಇದು?"

ಅವಳು ತನ್ನ ನೋಟ್ ಪುಸ್ತಕವನ್ನು ಅವರತ್ತ ಸರಿಸಿದಳು. ಅಷ್ಟರಲ್ಲೇ ಅವರಿಗೆ ಗೊತ್ತಾಯಿತು; ಮತ್ತೆ ಬಗ್ಗಿ ಇನ್ನೊಮ್ಮೆ ಎಣಿಸಿದರು.

"ಮೊಗ್ಗು ನೋಡಿದ್ರಾ?"

"ನೋಡ್ದೆ ಸಾರ್. ಜೋಡಿಯಾಗ್ತಿಲ್ಲ."

"ಹಾಗಾದ್ರೆ ಆ ಹೆಸರು ನಿಲ್ಲಲ್ಲ. ಬರೀರಿ."

"ನೀವೇ ಬರೆದ್ರೆ ಚೆನ್ನಾಗಿರುತ್ತೆ ಸಾರ್."

"ಬೇಡ. ನಾನು ಬರೆದ್ರೆ ಮೆತ್ತಗೆ ಬರೆದ್ಬಿಡ್ತೀನಿ."

ಅವಳು ಬರೆದಳು. ಕಾಮಾಕ್ಷಮ್ಮನ ಹೆಸರು ಪ್ರಭೇದಗಳ ಸಾಲಿನಿಂದ ಹೋಯಿತು. ನಿವೃತ್ತಿಯ ದಿನ ನಂಜರಾಜಯ್ಯ ಅದೇ ಸ್ಲೈಡನ್ನು ಕೇಳಿ ಪಡೆದು, ನನ್ನ ಕೆಳಗಿಟ್ಟು ಬಹಳ ಹೊತ್ತು ನೋಡಿದರು. ಎಣಿಸುತ್ತಿರಲಿಲ್ಲ.

ಈಗ ನಾನು ಮೆಟ್ಟಿಲ ಪಕ್ಕದ ಕಪಾಟಿನಲ್ಲಿದ್ದೇನೆ. ಒಳಗಿನ ಗಾಜಿಗೆ ಬೂಷ್ಟು ಹಿಡಿದಿದೆ. ಬಂದವರು ಹಿತ್ತಾಳೆ ಚೆನ್ನಾಗಿದೆ ಎನ್ನುತ್ತಾರೆ. ಏನೋ ಕಾಣಲಿ ಎಂಬ ಆಸೆಯಿಂದ ನನ್ನೊಳಗೆ ಇಣುಕಿದವರು ನೂರಾರು ಮಂದಿ. ಕಾಣದಿರಲಿ ಎಂದುಕೊಳ್ಳುತ್ತಲೇ ಕಣ್ಣು ತೆರೆದು ನೋಡಿದವರು ಅವರಿಬ್ಬರೇ.