ಗುಲಾಬಿ ಬೀದಿಯ ಹಲಗೆ

“ಹೊಸ ಹಲಗೆ ಅಂದ್ರೆ ನಿಮ್ಮ ಮೂರು ತಿಂಗಳ ಪಿಂಚಣಿ ಬೇಕಾಗತ್ತೆ ಅಕ್ಕ. ಮರವೆಲ್ಲ ಗಡಿಗೆ ಹೋಗ್ತಿದೆ,” ಎಂದು ಬಡಗಿ ಪೇಂಟರನ ಹೆಣದ ಅಳತೆ ತೆಗೆದ ಪಟ್ಟಿಯನ್ನು ಸುತ್ತಿದ. “ಅಲ್ಲೂ ಹೆಣದ ಪೆಟ್ಟಿಗೆಗೇ.”

ಪೇಂಟರನ ಹೆಂಡತಿ ಹಿತ್ತಿಲ ಶೆಡ್ಡಿನ ಚಿಲಕ ತೆಗೆದಳು. ಗಂಡ ನಲವತ್ತು ವರ್ಷ ಬರೆದ ಬೀದಿ ಹೆಸರಿನ ಹಲಗೆಗಳು ಗೋಡೆಗೆ ಒರಗಿ ನಿಂತಿದ್ದವು. ತಗಡಿನವು ಬಂದ ಮೇಲೆ ಇವನ್ನು ಕೇಳುವವರಿರಲಿಲ್ಲ.

“ಇವುಗಳಲ್ಲೇ ಮಾಡಪ್ಪ. ಮುಚ್ಚಳಕ್ಕೆ ಮಾತ್ರ ಇದು.” ಮೂಲೆಯಲ್ಲಿ ಗುರುತಿಟ್ಟುಕೊಂಡಿದ್ದ ಒಂದನ್ನು ಅವಳು ಎಳೆದಳು: ‘ಗುಲಾಬಿ ಬೀದಿ’. “ಮೇಲಿನ ಬಣ್ಣ ಹೆರೆದುಬಿಡು. ಅಡೀಲಿ ಬೇರೆ ಹೆಸರಿದೆ, ಅದು ಒಳಮಗ್ಗುಲಿಗೆ ಬರ್ಲಿ.”

ಬಡಗಿ ಬಾಗಿಲತ್ತ ನೋಡಿದ. “ಆ ಊರಿನ ಹೆಸರಾ? ಬಾಯಲ್ಲಿ ಆಡಿದ್ರೂ ಒಳಗೆ ಹಾಕ್ತಾರೆ ಅಕ್ಕ!”

“ಹೂತಿದ್ದನ್ನ ಯಾರು ಓದ್ತಾರೋ? ನನ್ನ ಮಗ ಸತ್ತ ಜಾಗ ಎಲ್ಲಾದ್ರೂ ಒಂದು ಕಡೆ ಬರೆದಿರ್ಲಿ. ಅವರಪ್ಪನ ಎದೆ ಮೇಲಾದ್ರೂ.”

*

ಆರು ವರ್ಷದ ಹಿಂದೆ ದೊಡ್ಡವರು ಅಧಿಕಾರ ಹಿಡಿದು ಇಪ್ಪತ್ತು ವರ್ಷ ತುಂಬುವುದಿತ್ತು. ರೇಷನ್ ಸಾಲಿನಲ್ಲಿ ಜನ ಗಟ್ಟಿಯಾಗಿಯೇ ಗೊಣಗತೊಡಗಿದ್ದರು. ಆ ಬಾಯಿಗಳನ್ನು ಮುಚ್ಚಿಸಲು ಒಂದು ಗೆಲುವು ಬೇಕಿತ್ತು. ನಗರಸಭೆಯ ಗುಮಾಸ್ತ ಪೇಂಟರನಿಗೆ ಚೀಟಿ ತಂದ: ದೊಡ್ಡ ಬೀದಿಗೆ ನದಿಯಾಚೆಯ ಊರಿನ ಹೆಸರು, ಹತ್ತು ದಿನದಲ್ಲಿ.

“ಆ ಊರು ಇನ್ನೂ ಶತ್ರುಗಳ ಕೈಲೇ ಇದೆಯಲ್ಲ ಸ್ವಾಮಿ? ಕೂಸು ಹುಟ್ಟೋಕೆ ಮುಂಚೆ ಕುಲಾವಿನಾ?”

“ನೀನು ಕುಲಾವಿ ಹೊಲಿಯಯ್ಯ. ಕೂಸನ್ನ ಮೇಲಿನವರು ಹುಟ್ಟಿಸ್ತಾರೆ.”

ಹೇಳಿದ ದಿನ ತಪ್ಪಿಸಿದವನಲ್ಲ ಪೇಂಟರ್. ನಾಲ್ಕೇ ದಿನಕ್ಕೆ ಬರೆದುಕೊಟ್ಟ. ಗುಮಾಸ್ತ ಬೆನ್ನು ತಟ್ಟಿದ: “ಫೋಟೊ ಮೇಲಕ್ಕೆ ಹೋಯ್ತು. ಹಲಗೆನೇ ಸಿದ್ಧವಾಗಿದೆ, ಸೇನೆಗೇನು ತಡ ಅಂದ್ರಂತೆ ದೊಡ್ಡವರು!”

ನೆರೆ ಇಳಿಯುವುದನ್ನೂ ಕಾಯದೆ ಸೇನೆ ನದಿಗಿಳಿಯಿತು. ಮೊದಲ ಸಾಲಿನಲ್ಲಿ ಪೇಂಟರನ ಮಗನಿದ್ದ. ನದಿ ದಾಟಿ ಮರಳಿದವರೊಬ್ಬರು ಬಂದು ಅವನು ಆ ಊರಲ್ಲಿ ಸತ್ತದ್ದನ್ನು ಗುಟ್ಟಾಗಿ ಹೇಳಿಹೋದರು.

ಊರು ಸಿಕ್ಕಿತು, ಮೆರವಣಿಗೆಯಾಯಿತು. ಹನ್ನೊಂದನೆಯ ದಿನ ಊರು ಕೈಬಿಟ್ಟಿತು. ಅಲ್ಲಿ ಯುದ್ಧವೇ ನಡೆದಿಲ್ಲ ಎಂದು ರೇಡಿಯೊ ಹೇಳಿತು. ಮಗನ ಕಾಗದದಲ್ಲಿ ‘ಕಾಣೆ’ ಎಂದಷ್ಟೇ ಬಂತು. ಹಲಗೆಯ ಮೇಲೆ ‘ಗುಲಾಬಿ ಬೀದಿ’ ಬಂತು.

ಹಳೆಯ ಹೆಸರನ್ನು ಪೇಂಟರ್ ಎಂದೂ ಹೆರೆಯುತ್ತಿರಲಿಲ್ಲ, ಮೇಲೊಂದು ತೆಳು ಕೋಟು ಬಳಿಯುತ್ತಿದ್ದ. “ಇವತ್ತು ಹೋದ ಹೆಸರು ನಾಳೆ ಬರತ್ತೆ ಕಣೇ,” ಎನ್ನುತ್ತಿದ್ದ. ಅವಳು ಅದನ್ನೇ ನಂಬಿಕೊಂಡಿದ್ದಳು.

*

“ಹೊತ್ತಾಯ್ತು, ಬೇಗ ಆಗ್ಲಿ!” ಎಂದು ಹೊರಗಿನಿಂದ ಯಾರೋ ಕೂಗಿದರು.

ಬಡಗಿ ಕೀಸುಳಿ ಓಡಿಸಿದ. ಗುಲಾಬಿ ಹೋಯಿತು, ಬಿಳಿ ಹೋಯಿತು. ಆಮೇಲೆ ಬರೀ ಗುಂಡಿ ಮುಚ್ಚಲು ಮೆತ್ತುವ ಲಪ್ಪ, ಗಾರೆಯಂತೆ ಪುಡಿಪುಡಿಯಾಗಿ ಉದುರಿತು. ಕೆಳಗೆ ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ತಗ್ಗು.

“ಉಳಿ ಹಾಕಿ ತೆಗೆದಿದಾರೆ ಅಕ್ಕ. ಒಂದಕ್ಷರದ ಗುರುತೂ ಇಲ್ಲ. ಪಾಪ, ಎಷ್ಟು ಹೆದರಿದ್ರೋ.”

ಅವಳು ತಗ್ಗಿನಲ್ಲಿ ಬೆರಳಾಡಿಸಿದಳು. “ಹೆದರಿ ಅಲ್ಲಪ್ಪ. ಹತ್ತು ದಿನ ಕೊಟ್ಟಿದ್ರು, ಇವರು ನಾಲ್ಕಕ್ಕೆ ಬರೆದು ಮುಗಿಸಿದ್ರು. ಆ ಆರು ದಿನ ಇದ್ದಿದ್ರೆ ನೆರೆ ಇಳಿದಿರ್ತಿತ್ತು.”

ಆಮೇಲೆ ಬಡಗಿಯ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಅವನ ಕೈಗೇ ಹಿಡಿಸಿದಳು. “ನಂಗೆ ಅಕ್ಷರ ಬರಲ್ಲ. ನೀನು ಬರಿ.”

ಬಡಗಿ ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡ. “ನಂಗೂ ಮಗ ಇದಾನೆ ಅಕ್ಕ,” ಎಂದ.

ಮುಚ್ಚಳ ಹಾಗೆಯೇ ಕೂತಿತು. ಮೂರು ತಿಂಗಳ ಪಿಂಚಣಿ ಉಳಿಯಿತು. ಮಗ ಸತ್ತ ಊರಿನ ಹೆಸರು ಎಲ್ಲಿಯೂ ಉಳಿಯಲಿಲ್ಲ.